ಡಿಮೆನ್ಷಿಯಾ ಅಪಾಯದ ಲೆಕ್ಕ: ಹಾಕುವುದು ಹೇಗೆ, ಓದುವುದು ಹೇಗೆ, ಆಮೇಲೆ ಏನು ಮಾಡುವುದು

ಅರವತ್ತಕ್ಕೆ ಅರಳುಮರಳು ಅಂತ ಒಂದು ಮಾತಿದೆ. ಹಿರಿಯರು ಒಂದು ಹೆಸರು ಮರೆತರೂ ಸಾಕು, ಯಾರಾದರೂ ಈ ಮಾತು ಆಡುತ್ತಾರೆ. ಎಲ್ಲರೂ ನಗುತ್ತಾರೆ. ವಿಷಯ ಅಲ್ಲಿಗೇ ಮುಗಿಯುತ್ತದೆ. ಈ ಮಾತಿನಿಂದ ಆಗುವ ನಷ್ಟ ಸಣ್ಣದಲ್ಲ. ಮರೆವು ವಯಸ್ಸಿನ ಜೊತೆಗೇ ಬರುವಂಥದ್ದು, ಏನೂ ಮಾಡೋಕಾಗಲ್ಲ ಎಂದು ನಂಬಿದವರು ಬಿಪಿ ನೋಡಿಸುವುದಿಲ್ಲ, ಕಿವಿ ತೋರಿಸುವುದಿಲ್ಲ.

ಡಿಮೆನ್ಷಿಯಾ ಅಂದರೆ ದಿನನಿತ್ಯದ ಬದುಕಿಗೇ ತೊಂದರೆಯಾಗುವಷ್ಟು ನೆನಪು, ಯೋಚನೆ ಕುಗ್ಗುವುದು. ಎಂಬತ್ತು ದಾಟಿದವರಲ್ಲೂ ಹೆಚ್ಚಿನವರಿಗೆ ಅದು ಇರುವುದಿಲ್ಲ. ಅದು ವಯಸ್ಸಿನ ಗುಣವಲ್ಲ, ಮಿದುಳಿನ ಕಾಯಿಲೆ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಬಗೆ ಆಲ್ಝೈಮರ್ ಕಾಯಿಲೆ. ಆ ಹೆಸರು ಬಂದದ್ದು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ಅವರಿಂದ. ಅವರು 1906ರಲ್ಲಿ ವೈದ್ಯರ ಸಭೆಯಲ್ಲಿ ವಿವರಿಸಿದ ಮೊದಲ ರೋಗಿಗೆ ಆಸ್ಪತ್ರೆ ಸೇರಿದಾಗ ಬರೀ 51 ವರ್ಷ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ ಒಂದೇ ಸಮುದಾಯದ ಜನರನ್ನು ತಲೆಮಾರುಗಳ ಕಾಲ ಗಮನಿಸುತ್ತಾ ಬಂದಿದ್ದಾರೆ. ಅಲ್ಲಿ 1970ರ ದಶಕದ ಕೊನೆಯಿಂದ ಹೊಸದಾಗಿ ಡಿಮೆನ್ಷಿಯಾ ಬರುವವರ ಪ್ರಮಾಣ ಪ್ರತಿ ದಶಕಕ್ಕೆ ಸುಮಾರು 20% ಇಳಿದಿದೆ ಎಂದು 2016ರಲ್ಲಿ ಪ್ರಕಟಿಸಿದರು. ಈ ಇಳಿಕೆ ಕಂಡದ್ದು ಹೈಸ್ಕೂಲಾದರೂ ಮುಗಿಸಿದವರಲ್ಲಿ ಮಾತ್ರ. ವಯಸ್ಸೇ ಎಲ್ಲಕ್ಕೂ ಕಾರಣವಾಗಿದ್ದರೆ ಹೀಗೆ ಇಳಿಯುತ್ತಿರಲಿಲ್ಲ, ಅಲ್ವಾ?

ಯಾರಿಗೆ ಬರಬಹುದು, ಯಾಕೆ ಬರುತ್ತದೆ ಎಂದು ಮೊದಲೇ ಅಂದಾಜು ಮಾಡುವ ಸಂಶೋಧನೆ ಈಗ ಸಾಕಷ್ಟು ನಡೆದಿದೆ. ಅದನ್ನು ನಮ್ಮ ಮನೆಯ ಹಿರಿಯರಿಗಾಗಿ ಬಳಸುವುದು ಹೇಗೆ ಎಂದು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನಾನು ವೈದ್ಯ ಅಲ್ಲ. ನನ್ನ ಅಮ್ಮನಿಗಾಗಿ ಇದನ್ನೆಲ್ಲ ಓದುತ್ತಾ ಕಲಿತೆ. ಕಲಿತದ್ದು ಮಾತ್ರ ತಲೆಕೆಳಗಾದ ಕ್ರಮದಲ್ಲಿ. ಮೊದಲು ಆನ್‌ಲೈನಿನಲ್ಲಿ ಒಂದು ಸ್ಕೋರು ಹಾಕಿದೆ, ಆಮೇಲೆ ಹೆದರಿದೆ, ಎಷ್ಟೋ ತಿಂಗಳಾದ ಮೇಲೆ ಅವಳ ಕಿವಿಯ ಕಡೆ ಗಮನ ಹೋಯಿತು. ನೀವು ಹಾಗೆ ಮಾಡಬೇಡಿ.

1. ಲಕ್ಷಣ ಈಗಾಗಲೇ ಇದೆಯಾ, ಮೊದಲು ಅದನ್ನು ನೋಡಿ

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಒಂದು, ಈಗ ಕಾಯಿಲೆ ಇದೆಯಾ? ಇನ್ನೊಂದು, ಮುಂದೆ ಬರಬಹುದಾ? ಅಪಾಯದ ಲೆಕ್ಕ ಎರಡನೆಯದಕ್ಕೆ ಮಾತ್ರ. ಈಗಲೇ ಏನೋ ಬದಲಾಗಿದೆ ಅನ್ನಿಸಿದರೆ ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟು ವೈದ್ಯರ ಹತ್ತಿರ ಹೋಗಿ.

ಹೆಸರು ತಕ್ಷಣ ನೆನಪಾಗದೆ ಸ್ವಲ್ಪ ಹೊತ್ತಿನ ಮೇಲೆ ಹೊಳೆಯುವುದು, ಕನ್ನಡಕ ಎಲ್ಲೋ ಇಟ್ಟು ಹುಡುಕುವುದು ವಯಸ್ಸಾದವರಲ್ಲಿ ಮಾಮೂಲಿ. ಹೇಳಿದ್ದನ್ನೇ ಅರ್ಧ ಗಂಟೆಯಲ್ಲಿ ಮತ್ತೆ ಮತ್ತೆ ಹೇಳುವುದು, ವರ್ಷಗಟ್ಟಲೆ ಓಡಾಡಿದ ದಾರಿ ತಪ್ಪುವುದು, ಸದಾ ಲೆಕ್ಕ ಬರೆಯುತ್ತಿದ್ದವರು ಲೆಕ್ಕದಲ್ಲಿ ಎಡವುವುದು ಮಾಮೂಲಿ ಅಲ್ಲ. ಕೈ ಕೆಲಸ, ಮಾತು, ಸ್ವಭಾವ ಇವುಗಳಲ್ಲಿ ಕಂಡ ಬದಲಾವಣೆಯನ್ನು ತಾರೀಖು ಹಾಕಿ ಬರೆದಿಡಿ. ವೈದ್ಯರಿಗೆ "ಮರೆವು ಜಾಸ್ತಿ" ಅನ್ನುವುದಕ್ಕಿಂತ "ಹೋದ ತಿಂಗಳು ಎರಡು ಸಲ ಸ್ಟೌವ್ ಆರಿಸಲಿಲ್ಲ" ಅನ್ನುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬೇಗ ಹೋಗಿ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಮರೆವು ಇದ್ದಷ್ಟಕ್ಕೇ ಡಿಮೆನ್ಷಿಯಾ ಆಗಬೇಕಿಲ್ಲ. ಬಿ12 ಕಡಿಮೆಯಾದರೆ, ಥೈರಾಯ್ಡ್ ಏರುಪೇರಾದರೆ, ಖಿನ್ನತೆ ಇದ್ದರೆ, ಬಿದ್ದು ತಲೆಯೊಳಗೆ ನಿಧಾನಕ್ಕೆ ರಕ್ತ ಕಟ್ಟಿದ್ದರೆ ಕೂಡ ಹೀಗೇ ಕಾಣಬಹುದು. ಅಲರ್ಜಿ, ನಿದ್ದೆ, ಮೂತ್ರದ ತೊಂದರೆಗೆ ಕೊಡುವ ಕೆಲವು ಮಾತ್ರೆಗಳೂ ಹಿರಿಯರ ಬುದ್ಧಿಯನ್ನು ಮಂಕು ಮಾಡುತ್ತವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆ ಇದೆ. ಅದಕ್ಕೇ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಇದ್ದಕ್ಕಿದ್ದಂತೆ ಗಂಟೆಗಳಲ್ಲೋ ಒಂದೆರಡು ದಿನದಲ್ಲೋ ಗೊಂದಲ ಶುರುವಾದರೆ ಅದು ತುರ್ತು. ಸೋಂಕು, ಪಾರ್ಶ್ವವಾಯು, ಸೋಡಿಯಂ ಕುಸಿತ ಏನಾದರೂ ಇರಬಹುದು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

2. ವಯಸ್ಸಿಗೆ ಹೊಂದುವ ಸ್ಕೋರು ಆರಿಸಿಕೊಳ್ಳಿ

ಅಪಾಯದ ಸ್ಕೋರು ತಯಾರಾಗುವುದು ಹೀಗೆ. ಸಾವಿರಾರು ಜನರ ಬಿಪಿ, ತೂಕ, ಓದು, ಅಭ್ಯಾಸ ಎಲ್ಲ ಬರೆದುಕೊಳ್ಳುತ್ತಾರೆ. ವರ್ಷಗಟ್ಟಲೆ ಕಾಯುತ್ತಾರೆ. ಯಾರಿಗೆ ಕಾಯಿಲೆ ಬಂತು, ಯಾರಿಗೆ ಬರಲಿಲ್ಲ ನೋಡುತ್ತಾರೆ. ಬಂದವರಲ್ಲಿ ಮೊದಲು ಏನೇನಿತ್ತು ಎಂದು ಹಿಂದಕ್ಕೆ ಲೆಕ್ಕ ಹಾಕಿ ಒಂದೊಂದಕ್ಕೂ ಅಂಕ ಕೊಡುತ್ತಾರೆ.

ಇವುಗಳಲ್ಲಿ ಬಹಳ ಹೆಸರು ಮಾಡಿದ್ದು ಫಿನ್ಲೆಂಡಿನ ಕೈಡ್ ಸ್ಕೋರು. ಮಿಯಾ ಕಿವಿಪೆಲ್ಟೊ ಮತ್ತು ಅವರ ತಂಡ 2006ರಲ್ಲಿ ಪ್ರಕಟಿಸಿದ್ದು. ಸುಮಾರು 1,400 ಮಧ್ಯವಯಸ್ಕರನ್ನು 20 ವರ್ಷಗಳ ನಂತರ ಮತ್ತೆ ಪರೀಕ್ಷಿಸಿ ಇದನ್ನು ಮಾಡಿದರು. ಪೇಪರ್ ಪೆನ್ನು ಸಾಕು, ಒಮ್ಮೆ ಹಾಕಿ ನೋಡೋಣ.

ವಯಸ್ಸು 47ಕ್ಕಿಂತ ಕಡಿಮೆ ಇದ್ದರೆ 0, 47ರಿಂದ 53 ಆದರೆ 3, ಅದಕ್ಕಿಂತ ಜಾಸ್ತಿ ಆದರೆ 4. ಹತ್ತು ವರ್ಷವೋ ಹೆಚ್ಚೋ ಓದಿದ್ದರೆ 0, ಏಳರಿಂದ ಒಂಬತ್ತು ವರ್ಷಕ್ಕೆ 2, ಆರು ಅಥವಾ ಕಡಿಮೆಗೆ 3. ಗಂಡಸಾದರೆ 1. ಮೇಲಿನ ಬಿಪಿ 140 ದಾಟಿದರೆ 2. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 30 ದಾಟಿದರೆ 2. ಒಟ್ಟು ಕೊಲೆಸ್ಟ್ರಾಲ್ ಲೀಟರಿಗೆ 6.5 ಮಿಲಿಮೋಲ್, ಅಂದರೆ ಡೆಸಿಲೀಟರಿಗೆ ಸುಮಾರು 250 ಮಿಲಿಗ್ರಾಂ ದಾಟಿದರೆ 2. ವ್ಯಾಯಾಮ ಇಲ್ಲದಿದ್ದರೆ 1. ಎಲ್ಲ ಸೇರಿ ಗರಿಷ್ಠ 15.

56 ವರ್ಷದ ಒಬ್ಬರು ಎಂದುಕೊಳ್ಳಿ. ಗಂಡಸು, 12 ವರ್ಷ ಓದಿದ್ದಾರೆ. ಬಿಪಿ 150. ತೂಕ, ಕೊಲೆಸ್ಟ್ರಾಲ್ ಪರವಾಗಿಲ್ಲ. ನಡೆಯುವ ಅಭ್ಯಾಸ ಇಲ್ಲ. 4, 1, 2, 1 ಸೇರಿ 8 ಆಯಿತು. ಮೂಲ ಅಧ್ಯಯನದಲ್ಲಿ 8 ಅಥವಾ 9 ಅಂಕ ಬಂದವರಲ್ಲಿ 20 ವರ್ಷದೊಳಗೆ ಡಿಮೆನ್ಷಿಯಾ ಬಂದದ್ದು 4.2% ಜನರಿಗೆ. 5ರ ಒಳಗಿದ್ದವರಲ್ಲಿ 1%. 12 ಅಥವಾ ಹೆಚ್ಚು ಬಂದವರಲ್ಲಿ 16.4%.

ಈ 8ರಲ್ಲಿ ಐದು ಅಂಕ ಅವರ ಕೈಯಲ್ಲಿಲ್ಲ. ಮೂರು ಇದೆ. ಸ್ಕೋರಿನಿಂದ ನಮಗೆ ಬೇಕಾದ್ದು ಆ ಮೂರು. ಮಿಕ್ಕಿದ್ದನ್ನು ನೋಡಿ ನಿದ್ದೆ ಕೆಡಿಸಿಕೊಳ್ಳುವುದರಿಂದ ಯಾರಿಗೂ ಏನೂ ಸಿಗುವುದಿಲ್ಲ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಇದೇ ಸ್ಕೋರನ್ನು ನಾನು 74 ವರ್ಷದ ಅಮ್ಮನಿಗೆ ಹಾಕಿದ್ದೆ. ಇದು ಮಧ್ಯವಯಸ್ಕರಿಗಾಗಿ ಮಾಡಿದ್ದು, ಹಿರಿಯರಿಗೆ ಹೊಂದುವುದಿಲ್ಲ. ಕಾರಣವೂ ತಿಳಿಯಬೇಕಾದ್ದೇ. ಐವತ್ತರಲ್ಲಿ ಬಿಪಿ, ತೂಕ ಜಾಸ್ತಿ ಇದ್ದರೆ ಅಪಾಯ. ಆದರೆ ಕಾಯಿಲೆ ಒಳಗೊಳಗೇ ಶುರುವಾದಾಗ ಎಷ್ಟೋ ಜನರಲ್ಲಿ ತೂಕವೂ ಬಿಪಿಯೂ ತಾವಾಗಿಯೇ ಇಳಿಯುತ್ತವೆ. ಹಾಗಾಗಿ 78 ವರ್ಷದವರು ಕಾರಣವಿಲ್ಲದೆ ಸಣ್ಣಗಾಗುತ್ತಿದ್ದರೆ ಕೈಡ್ ಸ್ಕೋರು ಖುಷಿಯಿಂದ ಅಂಕ ಕಡಿಮೆ ಮಾಡುತ್ತದೆ. ನಾವು ಖುಷಿಪಡಬಾರದು. ವೈದ್ಯರಿಗೆ ಹೇಳಬೇಕು.

ವಯಸ್ಸಾದವರಿಗೂ ಬಳಸಬಹುದಾದ ಬೇರೆ ಸ್ಕೋರುಗಳಿವೆ. ಆಸ್ಟ್ರೇಲಿಯಾದಲ್ಲಿ ತಯಾರಾದ ಎಎನ್‌ಯು-ಅಡ್ರಿ ಅಂಥದ್ದು. ಅದು ಖಿನ್ನತೆ, ಒಡನಾಟ, ತಲೆಗೆ ಬಿದ್ದ ಪೆಟ್ಟು ಇವನ್ನೂ ಕೇಳುತ್ತದೆ. ಯಾವ ಸ್ಕೋರೇ ಆಗಲಿ, ಹಾಕುವ ಮೊದಲು ಇದು ಯಾವ ವಯಸ್ಸಿನವರನ್ನು ನೋಡಿ ಮಾಡಿದ್ದು, ಎಷ್ಟು ವರ್ಷದ ಮುಂದಿನ ಮಾತು ಹೇಳುತ್ತದೆ ಎಂದು ಓದಿಕೊಳ್ಳಿ. ಒಂದು ದೇಶದ ಜನರ ಮೇಲೆ ಮಾಡಿದ ಸ್ಕೋರು ಇನ್ನೊಂದು ಕಡೆ ಅಷ್ಟೇ ಸರಿಯಾಗಿ ಹೇಳುತ್ತದೆ ಅನ್ನುವ ಖಾತರಿ ಇಲ್ಲ.

3. ಅಂಕಿಯನ್ನು ಓದುವುದು ಕಲಿಯಿರಿ

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಇದೊಂದು ಅರ್ಥವಾದರೆ ಸುಮ್ನೆ ಹೆದರುವುದು ಅರ್ಧ ಕಡಿಮೆಯಾಗುತ್ತದೆ.

"ಅಪಾಯ ದುಪ್ಪಟ್ಟು" ಅನ್ನುವ ಸುದ್ದಿ ಬರುತ್ತದೆ. ಯಾವುದರ ದುಪ್ಪಟ್ಟು? ನೂರರಲ್ಲಿ ಒಬ್ಬರಿಗೆ ಬರುವುದು ಇಬ್ಬರಿಗೆ ಬಂದರೂ ದುಪ್ಪಟ್ಟೇ. ನೂರರಲ್ಲಿ 20 ಜನರಿಗೆ ಬರುವುದು 40 ಆದರೂ ದುಪ್ಪಟ್ಟೇ. ಎರಡೂ ಒಂದೇ ಅಲ್ಲ. ನೂರರಲ್ಲಿ ಎಷ್ಟು ಜನ, ಎಷ್ಟು ವರ್ಷದಲ್ಲಿ ಎಂದು ಕೇಳಿ. ಅದಿಲ್ಲದೆ ಶೇಕಡಾವಾರಿಗೆ ಅರ್ಥವಿಲ್ಲ.

ಸ್ಕೋರು ಎಷ್ಟು ಚೆನ್ನಾಗಿ ಹೇಳುತ್ತದೆ ಎಂದು ಅಳೆಯುವ ಒಂದು ಅಂಕಿ ಇದೆ. ಕೈಡ್‌ಗೆ ಮೂಲ ಅಧ್ಯಯನದಲ್ಲಿ ಅದು 0.77 ಇತ್ತು. ಇದನ್ನು "77% ಸರಿ" ಎಂದು ಓದಬೇಡಿ. ಮುಂದೆ ಕಾಯಿಲೆ ಬಂದವರಲ್ಲಿ ಒಬ್ಬರನ್ನು, ಬಾರದವರಲ್ಲಿ ಒಬ್ಬರನ್ನು ಕಣ್ಣುಮುಚ್ಚಿ ಆರಿಸಿದರೆ, ನೂರರಲ್ಲಿ 77 ಸಲ ಕಾಯಿಲೆ ಬಂದವರ ಸ್ಕೋರು ಹೆಚ್ಚಿರುತ್ತದೆ. ಅಷ್ಟೇ ಇದರ ಅರ್ಥ. ನಾಣ್ಯ ಚಿಮ್ಮಿ ಹೇಳಿದರೂ 50 ಸಲ ಸರಿ ಬರುತ್ತದೆ.

ಈಗ ಇನ್ನೊಂದು ಲೆಕ್ಕ. ಕಾಯಿಲೆ ಇದ್ದ ನೂರು ಜನರಲ್ಲಿ 90 ಜನರನ್ನು ಹಿಡಿಯುವ, ಇಲ್ಲದ ನೂರರಲ್ಲಿ 10 ಜನರಿಗೆ ಮಾತ್ರ ತಪ್ಪಾಗಿ "ಇದೆ" ಅನ್ನುವ ಒಂದು ಟೆಸ್ಟ್ ಇದೆ ಎಂದುಕೊಳ್ಳಿ. ಕೇಳಲು ಒಳ್ಳೆಯ ಟೆಸ್ಟೇ. ಸಾವಿರ ಹಿರಿಯರಿಗೆ ಮಾಡಿಸೋಣ. ಅವರಲ್ಲಿ 50 ಜನರಿಗೆ ಕಾಯಿಲೆ ಇದೆ. ಟೆಸ್ಟು 45 ಜನರನ್ನು ಹಿಡಿಯುತ್ತದೆ. ಇಲ್ಲದ 950 ಜನರಲ್ಲಿ 95 ಜನರಿಗೂ "ಇದೆ" ಅನ್ನುತ್ತದೆ. ಒಟ್ಟು 140 ಜನ ಹೆದರಿಕೊಂಡು ಮನೆಗೆ ಹೋಗುತ್ತಾರೆ, ಅವರಲ್ಲಿ ನಿಜವಾಗಿ ಕಾಯಿಲೆ ಇರುವವರು 45. ಮೂರರಲ್ಲಿ ಒಬ್ಬರು! ಲಕ್ಷಣವೇ ಇಲ್ಲದ ಎಲ್ಲರಿಗೂ ಮರೆವಿನ ಟೆಸ್ಟ್ ಮಾಡಿ ಎಂದು ಹೇಳಲು ತಜ್ಞರ ಸಮಿತಿಗಳು ಹಿಂಜರಿಯುವುದಕ್ಕೆ ಇಂಥ ಲೆಕ್ಕವೂ ಒಂದು ಕಾರಣ.

4. ಒಂದು ಪುಟದಲ್ಲಿ ಎಲ್ಲ ಬರೆಯಿರಿ

ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಒಂದು ತಜ್ಞರ ಆಯೋಗ ಮಾಡಿದೆ. ಜಿಲ್ ಲಿವಿಂಗ್‌ಸ್ಟನ್ ಅದರ ಮುಖ್ಯಸ್ಥೆ. ಬದಲಾಯಿಸಬಹುದಾದ ಅಪಾಯಗಳು ಯಾವುವು ಎಂದು ಇವರು ಪಟ್ಟಿ ಮಾಡುತ್ತಾ ಬಂದಿದ್ದಾರೆ. 2017ರಲ್ಲಿ ಒಂಬತ್ತು ಇತ್ತು, 2020ರಲ್ಲಿ 12, 2024ರಲ್ಲಿ 14 ಆಯಿತು. ಕೊನೆಗೆ ಸೇರಿದ್ದು ಚಿಕಿತ್ಸೆ ಮಾಡಿಸದ ದೃಷ್ಟಿದೋಷ ಮತ್ತು ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್.

ಈ 14ನ್ನೂ ಪೂರ್ತಿ ನಿವಾರಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು 45% ತಡೆಯಬಹುದು, ಇಲ್ಲವೇ ಮುಂದೂಡಬಹುದು ಎಂದು ಅವರ ಅಂದಾಜು. ಇದರಲ್ಲಿ ಕಿವಿ ಕೇಳಿಸದಿರುವುದು ಮತ್ತು ಎಲ್‌ಡಿಎಲ್ ತಲಾ 7%. ಚಿಕ್ಕಂದಿನಲ್ಲಿ ಓದು ಸಿಗದಿರುವುದು ಮತ್ತು ಒಂಟಿತನ ತಲಾ 5%. ಖಿನ್ನತೆ, ತಲೆಗೆ ಪೆಟ್ಟು, ಗಾಳಿಯ ಮಾಲಿನ್ಯ ತಲಾ 3%. ಸಕ್ಕರೆ ಕಾಯಿಲೆ, ಬಿಪಿ, ಧೂಮಪಾನ, ಮೈ ಬಗ್ಗಿಸದಿರುವುದು, ದೃಷ್ಟಿದೋಷ ತಲಾ 2%. ಬೊಜ್ಜು ಮತ್ತು ಅತಿಯಾದ ಕುಡಿತ ತಲಾ 1%.

ಇದು ಇಡೀ ಜನಸಮೂಹದ ಲೆಕ್ಕ, ನಿಮ್ಮ ಅಪ್ಪನ ಲೆಕ್ಕ ಅಲ್ಲ. ಕಿವಿಗೆ ಮೆಷಿನ್ನು ಹಾಕಿಸಿದರೆ ಅಪ್ಪನ ಅಪಾಯ 7% ಇಳಿಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎಲ್ಲವನ್ನೂ ಸರಿಯಾಗಿ ಮಾಡಿದವರಿಗೂ ಈ ಕಾಯಿಲೆ ಬರುತ್ತದೆ. ಬಂದರೆ ಅದು ಅವರ ತಪ್ಪಲ್ಲ, ನೋಡಿಕೊಂಡವರ ತಪ್ಪೂ ಅಲ್ಲ. ಇದನ್ನು ಬರೆಯುವಾಗ ನನಗೆ ಪರಿಚಯದ ಕೆಲವರ ಮುಖ ಕಣ್ಣ ಮುಂದೆ ಬರುತ್ತದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಹಿರಿಯರ ಜೊತೆ ಕೂತು ಒಂದು ಪುಟ ತುಂಬಿಸಿ. ಬಿಪಿ, ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್‌ಬಿಎ1ಸಿ), ಎಲ್‌ಡಿಎಲ್ ಅಂಕಿಗಳು ತಾರೀಖಿನ ಸಮೇತ ಇರಲಿ. ಕೊನೆಯ ಸಲ ಕಣ್ಣು, ಕಿವಿ ಯಾವಾಗ ತೋರಿಸಿದ್ದು? ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದ್ದು ಇದೆಯಾ? ಬೀಡಿ, ಸಿಗರೇಟು, ಕುಡಿತ? ಹೋದ ವಾರ ಮನೆಯವರನ್ನು ಬಿಟ್ಟು ಯಾರ ಜೊತೆ ಮಾತಾಡಿದರು? ಈ ಕೊನೆಯ ಪ್ರಶ್ನೆಗೆ ಎಷ್ಟೋ ಹಿರಿಯರು ಸುಮ್ಮನಾಗಿಬಿಡುತ್ತಾರೆ. ಆ ಮೌನವನ್ನೂ ಬರೆದುಕೊಳ್ಳಿ.

ಇನ್ನೊಂದು ಸುಲಭದ ಅಳತೆ, ನಡಿಗೆ. ಮರೆವಿನ ದೂರು ಮತ್ತು ನಿಧಾನವಾದ ನಡಿಗೆ ಎರಡೂ ಒಟ್ಟಿಗೆ ಇದ್ದವರಲ್ಲಿ ಮುಂದೆ ಡಿಮೆನ್ಷಿಯಾ ಬರುವುದು ಹೆಚ್ಚು ಎಂದು ಜೋ ವರ್ಗೀಸ್ ಎಂಬ ನರವೈದ್ಯ ಮತ್ತು ಅವರ ತಂಡ 2013ರಿಂದ ತೋರಿಸುತ್ತಾ ಬಂದಿದ್ದಾರೆ. ಮನೆಯಲ್ಲಿ ನಾಲ್ಕು ಮೀಟರ್ ಗುರುತು ಮಾಡಿ, ಮಾಮೂಲಿ ವೇಗದಲ್ಲಿ ನಡೆಯಲು ಹೇಳಿ, ಎಷ್ಟು ಸೆಕೆಂಡು ಎಂದು ಬರೆದಿಡಿ. ಆರು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಬೇರೆಯವರ ಜೊತೆ ಹೋಲಿಸುವುದು ಬೇಡ, ಅವರದೇ ಹಳೆಯ ಅಂಕಿಯ ಜೊತೆ ಹೋಲಿಸಿ.

5. ಕಿವಿಯಿಂದ ಶುರು ಮಾಡಿ

ಎಲ್ಲಿಂದ ಶುರು ಮಾಡುವುದು ಎಂದು ಕೇಳಿದರೆ ನಾನು ಕಿವಿ ಅನ್ನುತ್ತೇನೆ. ಬಿಪಿ, ಸಕ್ಕರೆಯನ್ನು ಯಾರಾದರೂ ನೋಡಿಯೇ ನೋಡುತ್ತಾರೆ. ಕಿವಿಯನ್ನು ಯಾರೂ ನೋಡುವುದಿಲ್ಲ.

ನಮ್ಮ ಮನೆಯಲ್ಲಿ ಎಲ್ಲರೂ ಸೇರಿ ನಕ್ಕಾಗ ಅಮ್ಮನೂ ನಗುತ್ತಿದ್ದಳು. ಅರ್ಧ ಕ್ಷಣ ತಡವಾಗಿ, ನಮ್ಮ ಮುಖ ನೋಡಿ. ಅದನ್ನು ನಾನು ವರ್ಷಗಟ್ಟಲೆ ಗಮನಿಸಲೇ ಇಲ್ಲ. ಆಮೇಲೆ ಫೋನಿನಲ್ಲಿ ಮಾತು ಕಡಿಮೆಯಾಯಿತು. ಜನ ಬಂದರೆ ಒಳಗೆ ಹೋಗಿ ಕೂರತೊಡಗಿದಳು. ಹೇಳಿದ್ದು ನೆನಪಿರುವುದಿಲ್ಲ ಎಂದು ನಾವು ಮರೆವಿನ ಲೆಕ್ಕಕ್ಕೆ ಹಾಕಿದೆವು. ಕೇಳಿಸಿದ್ದರೆ ತಾನೇ ನೆನಪಿರುವುದು?

"ಅಮ್ಮಾ, ಕಿವಿ ಒಂದ್ಸಲ ತೋರಿಸೋಣ" ಅಂದೆ.

"ನನ್ನ ಕಿವಿಗೇನಾಗಿದೆ? ನೀವೇ ಬಾಯೊಳಗೇ ಮಾತಾಡ್ತೀರಿ."

ಅವಳು ಹೇಳಿದ್ದು ಅವಳ ಮಟ್ಟಿಗೆ ನಿಜ. ವಯಸ್ಸಾದಂತೆ ಮೊದಲು ಹೋಗುವುದು ತೆಳುವಾದ, ಎತ್ತರದ ದನಿಗಳು. ಸ, ಶ, ಚ ತರಹದ ಅಕ್ಷರಗಳು ಕರಗಿಹೋಗುತ್ತವೆ. ಯಾರೋ ಮಾತಾಡುತ್ತಿದ್ದಾರೆ ಎಂದು ಕೇಳಿಸುತ್ತದೆ, ಏನು ಎಂದು ತಿಳಿಯುವುದಿಲ್ಲ. ಹಾಗಾಗಿ ಎದುರಿನವರೇ ಗೊಣಗುತ್ತಿದ್ದಾರೆ ಅನ್ನಿಸುತ್ತದೆ. ಕಿವಿ ಪರೀಕ್ಷೆಯ ಗ್ರಾಫ್ ತೋರಿಸಿ ಇದನ್ನು ವಿವರಿಸಿದಾಗ ಅಮ್ಮ ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತಳು.

ಮೆಷಿನ್ನು ಹಾಕಿದರೆ ಡಿಮೆನ್ಷಿಯಾ ತಡೆಯುತ್ತದಾ? ಅಚೀವ್ ಎಂಬ ಅಧ್ಯಯನ ಅಮೆರಿಕದಲ್ಲಿ 70ರಿಂದ 84 ವರ್ಷದ 977 ಜನರ ಮೇಲೆ ನಡೆಯಿತು, ಫಲಿತಾಂಶ 2023ರಲ್ಲಿ ಬಂತು. ಮೂರು ವರ್ಷದ ನಂತರ ಎಲ್ಲರನ್ನೂ ಒಟ್ಟಿಗೆ ನೋಡಿದರೆ, ಮೆಷಿನ್ನು ಸಿಕ್ಕವರಿಗೂ ಸಿಗದವರಿಗೂ ಬುದ್ಧಿಶಕ್ತಿಯ ಇಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯ ಹೆಚ್ಚಿದ್ದ ಹಿರಿಯರ ಗುಂಪಿನಲ್ಲಿ ಇಳಿಕೆ 48% ನಿಧಾನವಾಯಿತು. ಅಂದರೆ ಪೂರ್ತಿ ಖಾತರಿ ಇಲ್ಲ, ಆದರೆ ಯಾರಿಗೆ ಹೆಚ್ಚು ಬೇಕೋ ಅವರಿಗೆ ಹೆಚ್ಚು ಸಹಾಯ ಆಗುವಂತೆ ಕಾಣುತ್ತದೆ. ಡಿಮೆನ್ಷಿಯಾದ ಮಾತು ಬಿಟ್ಟರೂ, ಮಾತುಕತೆಗೆ ಮರಳುವುದೇ ಒಂದು ದೊಡ್ಡ ಲಾಭ.

ಮೊದಲು ಗುಗ್ಗೆ ತೆಗೆಸಿ ಪರೀಕ್ಷೆ ಮಾಡಿಸಿ. ಮೆಷಿನ್ನು ಬಂದ ಮೇಲೆ ಸದ್ದಿಲ್ಲದ ಕೋಣೆಯಲ್ಲಿ ದಿನಕ್ಕೆ ಒಂದೆರಡು ಗಂಟೆಯಿಂದ ಶುರು ಮಾಡಿ, ಮೆಲ್ಲಗೆ ಹೆಚ್ಚಿಸಿ. ಮೊದಲ ವಾರಗಳಲ್ಲಿ ಪಾತ್ರೆಯ ಸದ್ದು, ಫ್ಯಾನಿನ ಸದ್ದು ಎಲ್ಲ ತಲೆ ತಿನ್ನುತ್ತದೆ. ಇಲ್ಲೇ ಬಹಳ ಜನ ಡಬ್ಬಿಗೆ ಹಾಕಿ ಮುಚ್ಚಿಬಿಡುತ್ತಾರೆ. ಹಾಗಾಗದಂತೆ ಎರಡು ಮೂರು ಸಲ ಹೋಗಿ ಸೌಂಡು ಹೊಂದಿಸಿಕೊಂಡು ಬನ್ನಿ.

6. ಬಿಪಿಯನ್ನು ಸರಿಯಾಗಿ ಅಳೆಯಿರಿ

ಐದು ನಿಮಿಷ ಸುಮ್ಮನೆ ಕೂರಿಸಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲದ ಮೇಲಿರಲಿ, ತೋಳು ಎದೆಯ ಮಟ್ಟಕ್ಕೆ. ಮೂತ್ರಕ್ಕೆ ಹೋಗಿ ಬಂದಿರಲಿ. ಅಳೆಯುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ತೆಗೆದು ಎರಡನ್ನೂ ಬರೆಯಿರಿ. ಬೆಳಗ್ಗೆ, ಸಂಜೆ ಒಂದು ವಾರ ಹೀಗೆ ಬರೆದ ಅಂಕಿಗಳು ಆಸ್ಪತ್ರೆಯಲ್ಲಿ ಗಡಿಬಿಡಿಯಲ್ಲಿ ತೆಗೆದ ಒಂದೇ ಒಂದು ಅಂಕಿಗಿಂತ ಹೆಚ್ಚು ಹೇಳುತ್ತವೆ.

ಸ್ಪ್ರಿಂಟ್ ಮೈಂಡ್ ಎಂಬ ಅಧ್ಯಯನದಲ್ಲಿ 9,361 ಜನ ಇದ್ದರು. ಮೇಲಿನ ಬಿಪಿಯನ್ನು 140ರ ಬದಲು 120ಕ್ಕಿಂತ ಕೆಳಗೆ ತರಲು ಯತ್ನಿಸಿದ ಗುಂಪಿನಲ್ಲಿ, ಡಿಮೆನ್ಷಿಯಾಕ್ಕೆ ಮುಂಚಿನ ಮೆಟ್ಟಿಲಾದ ಸೌಮ್ಯ ಮರೆವು 19% ಕಡಿಮೆ ಇತ್ತು ಎಂದು 2019ರಲ್ಲಿ ವರದಿಯಾಯಿತು. ಡಿಮೆನ್ಷಿಯಾ ಕೂಡ ಕಡಿಮೆ ಕಂಡಿತು, ಆದರೆ ಅದು ಆಕಸ್ಮಿಕ ಅಲ್ಲ ಎಂದು ಖಚಿತವಾಗಿ ಹೇಳುವಷ್ಟು ಅಲ್ಲ. ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯವರನ್ನೂ ಪಾರ್ಶ್ವವಾಯು ಆದವರನ್ನೂ ಸೇರಿಸಿರಲಿಲ್ಲ. ಎದ್ದು ನಿಂತರೆ ತಲೆ ಸುತ್ತುವ ಹಿರಿಯರಿಗೆ ಬಿಪಿ ತೀರಾ ಇಳಿದರೆ ಬೀಳುವ ಭಯ. ಗುರಿ ಎಷ್ಟು ಎಂದು ವೈದ್ಯರೇ ಹೇಳಲಿ. ಆದರೆ ಕೇಳುವುದನ್ನು ಮರೆಯಬೇಡಿ.

7. ನಡಿಗೆ, ಜನ, ನಿದ್ದೆ

ಫಿನ್ಲೆಂಡಿನ ಅದೇ ತಂಡ 60ರಿಂದ 77 ವರ್ಷದ 1,260 ಜನರ ಮೇಲೆ ಫಿಂಗರ್ ಎಂಬ ಪ್ರಯೋಗ ಮಾಡಿತು. ಎರಡು ವರ್ಷ ಊಟ, ವ್ಯಾಯಾಮ, ಬುದ್ಧಿಗೆ ಕಸರತ್ತು, ಬಿಪಿ-ಸಕ್ಕರೆಯ ನಿಗಾ ಎಲ್ಲ ಒಟ್ಟಿಗೆ. 2015ರಲ್ಲಿ ಫಲಿತಾಂಶ ಬಂದಾಗ, ಬರೀ ಸಲಹೆ ಪಡೆದವರಿಗಿಂತ ಇವರ ಅಂಕ ಚೆನ್ನಾಗಿತ್ತು. 2025ರಲ್ಲಿ ಅಮೆರಿಕದ ಪಾಯಿಂಟರ್ ಅಧ್ಯಯನ 2,111 ಜನರಲ್ಲಿ ಇಂಥದ್ದನ್ನೇ ನೋಡಿತು. ತಾವಾಗಿಯೇ ಮಾಡಿಕೊಂಡವರೂ ಸುಧಾರಿಸಿದರು. ಗುಂಪಿನಲ್ಲಿ, ಯಾರೋ ಕೇಳುವವರಿದ್ದು ಮಾಡಿದವರು ಇನ್ನೂ ಸ್ವಲ್ಪ ಹೆಚ್ಚು ಸುಧಾರಿಸಿದರು. ಎರಡೂ ಪ್ರಯೋಗ ಅಳೆದದ್ದು ಬುದ್ಧಿಶಕ್ತಿಯ ಅಂಕವನ್ನು, ಡಿಮೆನ್ಷಿಯಾ ಬಂತೋ ಇಲ್ಲವೋ ಎಂಬುದನ್ನಲ್ಲ.

ನನಗೆ ಇದರಲ್ಲಿ ಕಂಡದ್ದು ಇಷ್ಟು. "ಅಪ್ಪಾ, ವಾಕ್ ಮಾಡಿ" ಎಂದು ಹೇಳಿದರೆ ಆಗುವುದಿಲ್ಲ. ಜೊತೆಗೆ ಹೋಗಬೇಕು, ಇಲ್ಲವೇ ಜೊತೆಗೆ ಹೋಗುವ ಒಬ್ಬರನ್ನು ಹುಡುಕಿಕೊಡಬೇಕು. ಹಾಗೆ ಮಾಡಿದರೆ ನಡಿಗೆಯೂ ಆಯಿತು, ಒಡನಾಟವೂ ಆಯಿತು. ಹತ್ತು ಸಾವಿರ ಹೆಜ್ಜೆಯ ಹಟ ಬೇಡ. ಬ್ರಿಟನ್ನಿನ 78,000ಕ್ಕೂ ಹೆಚ್ಚು ಜನರ ಕೈಗೆ ಅಳತೆಯ ಪಟ್ಟಿ ಕಟ್ಟಿ ನೋಡಿದಾಗ ದಿನಕ್ಕೆ ಸುಮಾರು 3,800 ಹೆಜ್ಜೆ ಹಾಕಿದವರಲ್ಲೇ ಅಪಾಯ ಸುಮಾರು 25% ಕಡಿಮೆ ಕಂಡಿತು.

ನಿದ್ದೆ ಆ 14ರ ಪಟ್ಟಿಯಲ್ಲಿ ಇಲ್ಲ. ಆದರೂ ಬ್ರಿಟನ್ನಿನ ವೈಟ್‌ಹಾಲ್ ಅಧ್ಯಯನದಲ್ಲಿ ಐವತ್ತು, ಅರವತ್ತರ ವಯಸ್ಸಿನಲ್ಲಿ ಆರು ಗಂಟೆ ಅಥವಾ ಕಡಿಮೆ ಮಲಗುತ್ತಿದ್ದವರಿಗೆ ಮುಂದೆ ಅಪಾಯ ಹೆಚ್ಚಿತ್ತು. ಗೊರಕೆಯ ಮಧ್ಯೆ ಉಸಿರು ನಿಂತಂತೆ ಆಗುತ್ತಿದ್ದರೆ ವೈದ್ಯರಿಗೆ ತಿಳಿಸಿ.

8. ರಕ್ತದ ಟೆಸ್ಟು, ಜೀನ್ ಟೆಸ್ಟು: ಮಾಡಿಸುವ ಮುಂಚೆ ನಿಲ್ಲಿ

ಆಲ್ಝೈಮರ್ ಕಾಯಿಲೆಯಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನು ಮಿದುಳಿನಲ್ಲಿ ಸೇರಲು ಶುರುವಾಗುವುದು ಲಕ್ಷಣ ಕಾಣುವುದಕ್ಕೆ 15, 20 ವರ್ಷ ಮುಂಚೆ. ಅದರ ಸುಳಿವನ್ನು ಈಗ ರಕ್ತದಲ್ಲಿ ಹಿಡಿಯಬಹುದು. ಪಿ-ಟಾವ್ 217 ಎಂಬ ಅಂಶವನ್ನು ಅಳೆಯುವ ಒಂದು ರಕ್ತಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಕೊಟ್ಟದ್ದು 55 ದಾಟಿದ, ಲಕ್ಷಣ ಈಗಾಗಲೇ ಇರುವ, ತಜ್ಞರ ಹತ್ತಿರ ತೋರಿಸುತ್ತಿರುವವರಿಗೆ. ಆರಾಮಾಗಿ ಓಡಾಡಿಕೊಂಡಿರುವವರು ಕುತೂಹಲಕ್ಕೆ ಮಾಡಿಸಲಿ ಎಂದಲ್ಲ. ಮಿದುಳಿನಲ್ಲಿ ಅಮೈಲಾಯ್ಡ್ ಇದ್ದೂ ಕೊನೆಯವರೆಗೆ ಚುರುಕಾಗಿ ಬದುಕಿದವರು ಎಷ್ಟೋ ಜನ ಇದ್ದಾರೆ.

ಜೀನಿನ ಮಾತು ಇನ್ನೂ ಸೂಕ್ಷ್ಮ. ಅಪೋಇ-4 ಎಂಬ ಬಗೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದಿದ್ದರೆ ಆಲ್ಝೈಮರ್ ಅಪಾಯ ಎರಡು ಮೂರು ಪಟ್ಟು, ಇಬ್ಬರಿಂದಲೂ ಬಂದಿದ್ದರೆ ಎಂಟು ಹತ್ತು ಪಟ್ಟು ಹೆಚ್ಚಬಹುದು. ಈ ಅಂಕಿಗಳೂ ಜನಾಂಗದಿಂದ ಜನಾಂಗಕ್ಕೆ ಬದಲಾಗುತ್ತವೆ. ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಇಲ್ಲದವರಿಗೂ ಬರುತ್ತದೆ. ಒಬ್ಬರ ಫಲಿತಾಂಶ ಅಂದರೆ ಅವರ ಮಕ್ಕಳ, ಒಡಹುಟ್ಟಿದವರ ಗುಟ್ಟೂ ಹೌದು. ಫಲಿತಾಂಶ ಬಂದರೆ ನಾಳೆ ನಾವು ಬೇರೆ ಏನು ಮಾಡುತ್ತೇವೆ? ಇದಕ್ಕೆ ಉತ್ತರ ಸಿಗದಿದ್ದರೆ ಮಾಡಿಸಬೇಡಿ ಎಂಬುದು ನನ್ನ ಅಭಿಪ್ರಾಯ.

9. "ಎಐ ಹೇಳುತ್ತದೆ" ಎಂಬ ಸುದ್ದಿ ಬಂದಾಗ

ಕಣ್ಣಿನ ಫೋಟೋ ನೋಡಿ, ಮಾತಿನ ದನಿ ಕೇಳಿ ಡಿಮೆನ್ಷಿಯಾ ಮೊದಲೇ ಹೇಳುವ ಕಂಪ್ಯೂಟರ್ ಬಂದಿದೆ ಎಂಬ ಸುದ್ದಿ ಆಗಾಗ ಬರುತ್ತದೆ. ಆ ಪ್ರಯತ್ನಗಳಲ್ಲಿ ಒಳ್ಳೆಯವೂ ಇವೆ. ಓದುವಾಗ ನಾನು ಹುಡುಕುವುದು ಮೂರು ಸಂಗತಿ. ಕಾಯಿಲೆ ಬರುವ ಮೊದಲೇ ಅಳೆದು ವರ್ಷಗಟ್ಟಲೆ ಕಾದರಾ, ಇಲ್ಲಾ ಈಗಾಗಲೇ ಕಾಯಿಲೆ ಇದ್ದವರನ್ನೂ ಆರೋಗ್ಯವಂತರನ್ನೂ ಪಕ್ಕಪಕ್ಕ ಇಟ್ಟು ಬೇರ್ಪಡಿಸಿದರಾ? ಎರಡನೆಯದು ಸುಲಭ, ಅದು ಮುನ್ಸೂಚನೆಯೇ ಅಲ್ಲ. ಬೇರೆ ಕಡೆಯ, ಬೇರೆ ಜನರ ಮೇಲೆ ಪರೀಕ್ಷಿಸಿದರಾ? ಮತ್ತೆ, ಬರೀ ವಯಸ್ಸನ್ನು ನೋಡಿ ಹೇಳುವುದಕ್ಕಿಂತ ಎಷ್ಟು ಚೆನ್ನಾಗಿ ಹೇಳಿತು? ವಯಸ್ಸೊಂದೇ ಬಹಳಷ್ಟು ಹೇಳಿಬಿಡುತ್ತದೆ. ಈ ಹೋಲಿಕೆ ಕೊಡದ ಸುದ್ದಿಯನ್ನು ಮನೆಯ ಗ್ರೂಪಿಗೆ ಫಾರ್ವರ್ಡ್ ಮಾಡಬೇಡಿ.

10. ಪುಟವನ್ನು ಮತ್ತೆ ತೆರೆಯಿರಿ

ಒಂದು ಸಲಕ್ಕೆ ಒಂದೋ ಎರಡೋ ಕೆಲಸ ಆರಿಸಿ. ಪುಟದ ಕೊನೆಯಲ್ಲಿ ಮುಂದಿನ ತಾರೀಖು ಬರೆಯಿರಿ, ಆರು ತಿಂಗಳ ನಂತರದ್ದು. ಅವತ್ತು ಬಿಪಿ, ತೂಕ, ನಡಿಗೆಯ ಸೆಕೆಂಡು, ಯಾರ ಜೊತೆ ಮಾತಾಡಿದರು, ಎಲ್ಲ ಮತ್ತೆ ಬರೆಯಿರಿ. ಪುಟ ಹಿರಿಯರ ಹತ್ತಿರವೇ ಇರಲಿ. ಅವರ ಬಗ್ಗೆ ಅವರಿಗೇ ಗೊತ್ತಿಲ್ಲದ ಒಂದು ಫೈಲು ನಮ್ಮ ಫೋನಿನಲ್ಲಿ ಇರುವುದು ಸರಿಯಲ್ಲ. ಮಾತು ಶುರು ಮಾಡುವಾಗ "ನಿಮಗೆ ಮರೆವು ಬರುತ್ತಿದೆ" ಅನ್ನಬೇಡಿ. "ನಾನೂ ನನ್ನದು ಬರೆಯುತ್ತಿದ್ದೇನೆ, ಇಬ್ಬರೂ ಕೂತು ಬರೆಯೋಣ" ಅನ್ನಿ. ಬರೆಯಿರಿ ಕೂಡ. ನಿಮಗೆ ಐವತ್ತಾಗಿದ್ದರೆ ಕೈಡ್ ಸ್ಕೋರು ನಿಮಗೇ ಸರಿಯಾಗಿ ಹೊಂದುತ್ತದೆ.

ಅಮ್ಮನ ಪುಟ ಅವಳ ಕನ್ನಡಕದ ಡಬ್ಬಿಯ ಕೆಳಗೆ ಇರುತ್ತದೆ. ಮೊದಲ ಎರಡು ಸಲ ನಾನು ಬರೆದೆ. ಮೂರನೆಯ ಸಲ ಅವಳೇ ಬರೆದಿದ್ದಾಳೆ: "ಮೆಷಿನ್ನು ದಿನಕ್ಕೆ 7 ಗಂಟೆ. ಬಲಗಿವಿ ಸೌಂಡು ಜಾಸ್ತಿ, ಕಮ್ಮಿ ಮಾಡಿಸಬೇಕು."